ಸೋಮವಾರದ ಅಣಬೆ

ನನ್ನ ಮೊಮ್ಮಗಳಿಗೆ ಕೆಲಸ ಆಯಿತು. ಪಿರಿಯಾಪಟ್ಟಣದ ಸರ್ಕಾರಿ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಕೆಲಸ, ಖಾಯಂ ಕೆಲಸ. ಆ ಸೋಮವಾರ ಬೆಳಿಗ್ಗೆ ಅವಳ ಫೋನು ಬಂದಾಗ ನಾನು ರಾಗಿ ಕೇರುತ್ತಿದ್ದೆ. ಕೆಳಗಿಟ್ಟ ಮೊರವನ್ನು ಮತ್ತೆ ಯಾವಾಗ ಎತ್ತಿಕೊಂಡೆನೋ ನೆನಪಿಲ್ಲ. ಪಕ್ಕದ ಮನೆಯವರಿಗೆ ಹೇಳಿದೆ, ಹಾಲಿಗೆ ಬಂದವರಿಗೆ ಹೇಳಿದೆ, ಹುಲ್ಲು ಹಾಕುತ್ತಾ ಹಸುವಿಗೂ ಹೇಳಿದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ನನ್ನ ಮಗನ ಮಗಳು ಕಾಲೇಜಿನ ಮಕ್ಕಳಿಗೆ ಪಾಠ ಹೇಳುತ್ತಾಳೆ ಎಂಬ ಮಾತು ಎಷ್ಟು ಸಲ ಆಡಿದರೂ ಬಾಯಿಗೆ ಸಾಕೆನಿಸಲಿಲ್ಲ.

ಅದುವರೆಗೆ ಅವಳು ಹುಣಸೂರಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾ ಅಲ್ಲೇ ಹಾಸ್ಟೆಲಿನಲ್ಲಿದ್ದಳು. ಅಂದು ಸಂಜೆ ಊರಿಗೆ ಬಂದು, ಮಾರನೆಯ ಬೆಳಿಗ್ಗೆಯೇ ಪಿರಿಯಾಪಟ್ಟಣಕ್ಕೆ ಹೊರಡಬೇಕಿತ್ತು. ಫೋನಿನಲ್ಲಿ ಒಂದೇ ಒಂದು ಮಾತು ಕೇಳಿದಳು.

“ಅಜ್ಜಿ, ಇವತ್ತು ಹುತ್ತದ ಅಣಬೆ ಸಾರು ಮಾಡು. ಎಲ್ಲಾರೂ ಒಟ್ಗೆ ಕೂತ್ಕೊಂಡು ಉಣ್ಣಾನ. ತಾತನೂ.”

ಅಣಬೆಗೇನೂ ಬರವಿರಲಿಲ್ಲ. ಗುಡುಗು ಮಳೆಯಾಗಿತ್ತು, ಹೊಲದ ಬದುವಿನ ಹುತ್ತದ ಮಗ್ಗುಲಿನಿಂದ ನನ್ನ ಮಗ ಬೆಳಗಾಗುತ್ತಲೇ ಟವೆಲು ತುಂಬ ತಂದಿದ್ದ. ತೊಡಕು ಇದ್ದದ್ದು ‘ತಾತನೂ’ ಎಂದಳಲ್ಲ, ಅಲ್ಲಿ.

ನಮ್ಮ ಯಜಮಾನರ ಈ ಊರು ಕಾಕನಕೋಟೆ ಕಾಡಿನ ಅಂಚಿನದು. ಈ ಮನೆಯಲ್ಲಿ ಅಣಬೆ ಎಂದರೆ ಬಾಡು, ಮಾಂಸಕ್ಕೆ ಸಮ. ಬಾಡು ಬೇಯಿಸುವ ಪಾತ್ರೆಯೇ ಬೇರೆ. ಅದು ಹಿತ್ತಿಲ ಕೊಟ್ಟಿಗೆಯಲ್ಲಿ ಇರುತ್ತದೆ. ಸೋಮವಾರ ನಂಜುಂಡೇಶ್ವರನ ವಾರವಾದ್ದರಿಂದ ಅಂದು ಅದನ್ನು ಯಾರೂ ಮುಟ್ಟುವುದಿಲ್ಲ. ಯಜಮಾನರು ಅಂದು ಒಪ್ಪೊತ್ತು. ಸಂಜೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡ ಮೇಲೆಯೇ ಊಟ.

ನಾನು ಹುಟ್ಟಿದ್ದು ಹೊಸ ಅಗ್ರಹಾರದ ಕಡೆ, ಕಾಲುವೆ ನೀರಿನ ಗದ್ದೆಬಯಲಿನಲ್ಲಿ. ನಮ್ಮ ತವರಿನಲ್ಲಿ ಅಣಬೆ ಸೊಪ್ಪಿನ ಜಾತಿಗೆ ಸೇರಿದ್ದು. ಯಾವ ವಾರವಾದರೂ ಬೇಯಿಸುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸೋಮವಾರ ಸಾರಿನ ಪಾತ್ರೆಯಲ್ಲೇ ಅಣಬೆ ಬೇಯಿಸಿದೆ. ಅತ್ತೆ ಬೈಯಲಿಲ್ಲ. ಪಾತ್ರೆಯನ್ನು ಹಿತ್ತಿಲಿಗೆ ಒಯ್ದು ಸುರಿದರು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದರು, ಕೊಟ್ಟಿಗೆಯಲ್ಲಿ ಇಟ್ಟು ಬಂದರು. ಅದು ಮತ್ತೆ ಒಳಗೆ ಬರಲಿಲ್ಲ. ಈಗ ಬಾಡು ಬೇಯುವುದು ಅದರಲ್ಲೇ.

ಅಲ್ಲಿಂದ ಪ್ರತಿ ಅಣಬೆ ಕಾಲಕ್ಕೂ ನನಗೂ ಯಜಮಾನರಿಗೂ ಈ ವ್ಯಾಜ್ಯ ಏಳುತ್ತದೆ. “ನೆಲದಾಗೆ ಉಟ್ತದೆ, ಬೇರು ಐತೆ, ಕೀಳಕ್ಕೋದ್ರೆ ಓಡೋಗಾಕಿಲ್ಲ. ಸೊಪ್ಪಲ್ದೆ ಇನ್ನೇನು?” ಎಂದು ನಾನು. “ಸೊಪ್ಪಾದ್ರೆ ಅಸಿರು ಎಲ್ಲೈತೆ ತೋರ್ಸು. ಬಾಡಿನ ವಾಸ್ನೆ, ಬಾಡಿನ ರುಚಿ,” ಎಂದು ಅವರು.

ಅಂದು ಸೊಸೆ ಅಣಬೆಯ ಮಣ್ಣು ಕೆರೆಯುತ್ತಾ, “ಅತ್ತೆ, ಫ್ರಿಜ್‌ನಲ್ಲಿ ಮಡಗಿ ಬೆಳಿಗ್ಗೆ ಮಾಡಾನ?” ಎಂದು ಕೇಳಿದಳು. ಹುತ್ತದ ಅಣಬೆ ಎಲ್ಲಿಟ್ಟರೂ ಬೆಳಗಾಗುವಷ್ಟರಲ್ಲಿ ಕಪ್ಪಗೆ ಮೆತ್ತಗಾಗುತ್ತದೆ. ಮಗು ಹೊರಡುವುದೂ ಬೆಳಿಗ್ಗೆಯೇ. ಮಾಡಿದರೆ ಇಂದೇ, ತಾತನನ್ನು ಬಿಟ್ಟು. ನನಗೆ ಕೈ ಓಡಲಿಲ್ಲ.

ಸಂಜೆಯ ಬಸ್ಸಿಗೆ ಅವಳು ಇಳಿದಳು. ಒಂದು ಕೈಯಲ್ಲಿ ಸ್ವೀಟಿನ ಡಬ್ಬಿ, ಇನ್ನೊಂದರಲ್ಲಿ ಪೇಪರು ಸುತ್ತಿದ ಹೊಸ ದಬರಿ. ಪಿರಿಯಾಪಟ್ಟಣದಲ್ಲಿ ರೂಮು ಮಾಡಿಕೊಂಡು ಅಡುಗೆ ಮಾಡಿಕೊಳ್ಳಲು ಹುಣಸೂರಿನಲ್ಲಿ ಕೊಂಡದ್ದು. ನಮ್ಮ ಕಾಲಿಗೆ ಬಿದ್ದಳು. ಯಜಮಾನರು ಆಗಷ್ಟೇ ಸ್ನಾನ ಮಾಡಿ ಜಗಲಿಯಲ್ಲಿ ಕೂತಿದ್ದರು. ತಲೆ ಮುಟ್ಟಿ ಹರಸಿದವರೇ, ಸೊಸೆ ಕೆರೆದು ಜಗಲಿಯಲ್ಲಿಟ್ಟಿದ್ದ ಅಣಬೆಯ ತಟ್ಟೆ ಕಡೆ ಬೆರಳು ತೋರಿಸಿದರು.

“ಈಗ ನೀನು ಸರ್ಕಾರದ ಮೇಷ್ಟ್ರು. ನಿಮ್ಮಜ್ಜಿಗೂ ನಂಗೂ ತೀರ್ಮಾನ ಏಳವ್ವ. ಇದು ಗಿಡವೋ, ಪ್ರಾಣಿಯೋ?”

ಸೊಸೆ ನನ್ನ ಹಿಂದೆ ನಿಂತು ಮಗಳಿಗೆ ಕಣ್ಣು ಮಿಟುಕಿಸಿದಳು. ಗಿಡ ಎಂದುಬಿಟ್ಟರೆ ಎಲ್ಲವೂ ಸುಲಭವಾಗಿತ್ತು.

“ಎರಡೂ ಅಲ್ಲ ತಾತ,” ಎಂದಳು.

“ಅದೆಂಗವ್ವ?”

ಅವಳು ಜಗಲಿಯ ಮೇಲೆ ಕೂತು ಹೇಳತೊಡಗಿದಳು. ಗಿಡಕ್ಕೆ ಹಸಿರಿದೆ, ಬಿಸಿಲಿನಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ. ಅಣಬೆಗೆ ಹಸಿರಿಲ್ಲ, ಅನ್ನ ಮಾಡಿಕೊಳ್ಳಲು ಬರುವುದಿಲ್ಲ. ಹಾಗೆಂದು ಪ್ರಾಣಿಯಂತೆ ನುಂಗುವುದೂ ಇಲ್ಲ. ಸತ್ತ ಎಲೆ, ಕಟ್ಟಿಗೆಯ ಮೇಲೆ ತನ್ನ ರಸ ಬಿಟ್ಟು, ಹೊರಗೇ ಕರಗಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ.

“ಒಟ್ಟೆ ಈಚೆಗೆ ಇಕ್ಕಂಡು ಉಣ್ತದೆ ಅನ್ನು,” ಎಂದರು ಯಜಮಾನರು.

“ಅಂಗೇ ಅನ್ಕೊಳಿ. ಅದ್ಕೇ ಇವಕ್ಕೆ ಬೇರೆ ಗುಂಪು ಮಾಡವ್ರೆ, ಶಿಲೀಂಧ್ರ ಅಂತ. ಉಪ್ಪಿನಕಾಯಿ ಮೇಲೆ ಕಟ್ಟೋ ಬೂಷ್ಟು, ಬ್ರೆಡ್ ಉಬ್ಬಿಸೋ ಯೀಸ್ಟು, ಮೈಮೇಲೆ ಬರೋ ಹುಳುಕಡ್ಡಿ, ಎಲ್ಲ ಒಂದೇ ಗುಂಪು. ಹಿಂದೆ ಓದಿದೋರೂ ಇವನ್ನ ಗಿಡದ ಜೊತೇಲೇ ಸೇರ್ಸಿದ್ರು, ಅಜ್ಜಿ ಥರ.”

ಓದಿದವರೂ ಒಂದು ಕಾಲಕ್ಕೆ ನನ್ನ ಕಡೆಗಿದ್ದರು ಎಂದು ತಿಳಿದು ನನಗೆ ಹಿತವಾಯಿತು. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ.

“ನೆಂಟಸ್ತಿಕೆ ನೋಡೋದಾದ್ರೆ ಮಾತ್ರ ಗಿಡಕ್ಕಿಂತ ಪ್ರಾಣಿಗೇ ಹತ್ರ ತಾತ. ಏಡಿ ಚಿಪ್ಪಲ್ಲಿ ಇರೋ ವಸ್ತುನೇ ಇದರ ಮೈಯಲ್ಲೂ ಐತೆ.”

ಯಜಮಾನರು ನನ್ನ ಕಡೆ ತಿರುಗಿದರು. “ಕೇಳಿಸ್ತೇನೆ? ಏಡಿ ನೆಂಟ ಅಂತೆ. ನಿಮ್ಮ ತವರಲ್ಲಿ ಏಡಿನೂ ಸೊಪ್ಪೇನೋ?”

“ಗೆದ್ರಲ್ಲ, ಉಪಾಸ ಮಲ್ಕೊಳಿ,” ಎಂದೆ.

ಅವರ ನಗು ಅಲ್ಲೇ ನಿಂತಿತು. ಗೆದ್ದಾಗಿತ್ತು, ಗೆದ್ದ ಮೇಲೆ ಉಣ್ಣುವಂತಿರಲಿಲ್ಲ. ಮೊಮ್ಮಗಳ ಮುಖವೂ ಸಣ್ಣದಾಯಿತು. ಸೊಸೆ ಮೆಲ್ಲಗೆ, “ಒಂದು ಮಾತು ಗಿಡ ಅಂದಿದ್ರೆ ಏನಾಗ್ತಿತ್ತು?” ಎಂದಳು.

“ನಾಳೆ ಬೋರ್ಡ್ ಮುಂದೆ ನಿಂತು ಮಕ್ಕಳಿಗೆ ಬೇರೆ ಹೇಳಕಾಯ್ತದಾ ಅಮ್ಮ?”

ಯಜಮಾನರು ತಟ್ಟೆಯಿಂದ ಒಂದು ಅಣಬೆ ಎತ್ತಿ, ಅದರ ಉದ್ದನೆಯ ಬುಡ ನೋಡಿದರು. ನಾನು ಬೇರು ಎನ್ನುತ್ತಿದ್ದದ್ದು ಅದನ್ನೇ.

“ಇದನ್ನ ಕಿತ್ತಾಗ ಇದರ ಉಸುರು ಓಯ್ತದಾ ಮಗ?”

“ಇಲ್ಲ ತಾತ. ನಾವು ಕಿತ್ತಿದ್ದು ಹಣ್ಣಿದ್ದಂಗೆ. ಬೀಜದ ಥರ ಸಣ್ಣ ಪುಡಿ ಉದುರ್ಸಕ್ಕೆ ಮೇಲೆ ಬತ್ತದೆ ಅಷ್ಟೆ. ಅದರ ಮೈ ಎಲ್ಲ ಹುತ್ತದೊಳಗೆ, ಬಿಳೀ ಎಳೆ ಎಳೆಯಾಗಿ. ಗೆದ್ದಲು ಕಡ್ಡಿ ಎಲೆ ಅಗಿದು ತಂದು ಹಾಕಿ ಅದನ್ನ ಸಾಕ್ತವೆ, ಆಮೇಲೆ ಅದನ್ನೇ ತಿಂತವೆ. ನಾವು ಹೊಲ ಮಾಡ್ದಂಗೆ. ಮಾವಿನಹಣ್ಣು ಕಿತ್ರೆ ಮರ ಸಾಯ್ತದಾ?”

“ಅಂಗಾದ್ರೆ ಗೆದ್ದಲು ನನ್ನ ಬೇಲಿ ಗೂಟ ತಿಂದಿದ್ದು ಬೇಸಾಯಕ್ಕೆ ಅನ್ನು,” ಎಂದ ಜಗಲಿಯಂಚಿನಲ್ಲಿ ಕೂತಿದ್ದ ನನ್ನ ಮಗ.

ಯಜಮಾನರು ಅಣಬೆಯನ್ನು ತಟ್ಟೆಗೆ ಹಾಕಿದರು. “ವಾರದ ದಿನ ಉಸುರು ತೆಗೀಬಾರ್ದು ಅಂತ ನಮ್ಮಪ್ಪ ಏಳ್ಕೊಟ್ಟಿದ್ದು. ಇದ್ರಲ್ಲಿ ಉಸುರು ತೆಗ್ದಿಲ್ಲ. ಉಣ್ತೀನಿ. ಆದ್ರೆ ಸೋಮವಾರ ಬಾಡಿನ ಪಾತ್ರೆ ಒಳಕ್ಕೆ ಬರಂಗಿಲ್ಲ. ಸಾರಿನ ಪಾತ್ರೇಲೂ ಬೇಯಿಸಂಗಿಲ್ಲ, ಏಡಿ ನೆಂಟ ಅದು.”

“ಮತ್ತೆ ಯಾತರಲ್ಲಿ ಬೇಯಿಸ್ಲಿ, ನಿಮ್ಮ ಟೋಪಿಯೊಳಗಾ?” ಎಂದೆ.

ಮೊಮ್ಮಗಳು ಎದ್ದುಹೋಗಿ ಹೊಸ ದಬರಿಯ ಪೇಪರು ಬಿಚ್ಚಿದಳು. “ಬೇರೆ ಗುಂಪಿಗೆ ಬೇರೆ ಪಾತ್ರೆ. ತಗೋ ಅಜ್ಜಿ.”

ಹೊಸ ಪಾತ್ರೆಗೆ ಅರಿಶಿನ ಕುಂಕುಮ ಇಟ್ಟು ಒಲೆಗೇರಿಸಿದೆ. ಅಣಬೆಯನ್ನು ಕೈಯಲ್ಲೇ ಸೀಳಿದೆವು. ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಧನಿಯಾ, ಖಾರ, ಎಲ್ಲವನ್ನೂ ಸೊಸೆ ರುಬ್ಬಿ ಕೊಟ್ಟಳು. ಮುದ್ದೆ ತೊಳಸುವುದನ್ನು ನಾನು ಯಾರಿಗೂ ಬಿಡಲಿಲ್ಲ. ತೊಳಸುತ್ತಾ ಮೊಮ್ಮಗಳಿಗೆ ಕೆಲಸ ಆದದ್ದನ್ನು ಮತ್ತೊಂದು ಸಲ ಹೇಳಿದೆನಂತೆ. ಸೊಸೆ ಹೇಳಿ ನಕ್ಕಳು.

ನಡುಮನೆಯಲ್ಲಿ ಒಂದೇ ಸಾಲಿನಲ್ಲಿ ಕೂತೆವು. ಸೊಸೆ ಬಡಿಸಿಕೊಂಡು ತಾನೂ ಕೂತಳು. ಯಜಮಾನರು ವಿಭೂತಿಯ ಹಣೆಯಲ್ಲೇ ಮೊದಲ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದರು. ಮೊಮ್ಮಗಳು ಅವರನ್ನೇ ನೋಡುತ್ತಿದ್ದಳು.

“ಬಾಡೇ,” ಎಂದರು ಅವರು. “ರುಚಿ ಬಾಡಿಂದೇ. ಮಕ್ಕಳಿಗೆ ಇದನ್ನೂ ಏಳು, ನಿಮ್ಮಜ್ಜಿ ಸೋತ್ಲು ಅಂತ.”

“ಸೋತೋಳು ಬಡಿಸಿದ್ದನ್ನ ಬಾಯಿ ಮುಚ್ಕೊಂಡು ಉಣ್ಣಿ,” ಎಂದು ಇನ್ನೊಂದು ಸೌಟು ಹಾಕಿದೆ. ಅವರು ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ. ಮೊಮ್ಮಗಳೂ ತಟ್ಟೆ ಮುಂದೆ ಮಾಡಿದಳು.