ಇಲ್ಲದ ಬಸಿರಿಗೆ ಕುಬಸ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ವಾರವೇ ನನ್ನ ಗಂಡ ಉಪ್ಪು, ಸೀಮೆಎಣ್ಣೆ ತರುತ್ತೇನೆಂದು ದಂಡೋತಿಯಿಂದ ವಾಡಿಗೆ ಹೊರಟರು. ತಿರುಗಿ ಬರಲಿಲ್ಲ. ದಾರಿಯಲ್ಲಿ ಗಲಾಟೆಯಾಗಿತ್ತು ಎಂದರು ಕೆಲವರು, ರೈಲು ಹತ್ತಿದ್ದನ್ನು ಕಂಡೆವು ಎಂದರು ಇನ್ನು ಕೆಲವರು. ಹೆಣವನ್ನಂತೂ ಯಾರೂ ಕಂಡಿರಲಿಲ್ಲ. ನಮ್ಮ ಮದುವೆಯಾಗಿ ಆರು ತಿಂಗಳಾಗಿತ್ತು.

ಆ ತಿಂಗಳು ನಾನು ಮುಟ್ಟಾಗಲಿಲ್ಲ. ಮುಂದಿನ ತಿಂಗಳೂ ಇಲ್ಲ. ರೊಟ್ಟಿ ಕಂಡರೆ ವಾಕರಿಕೆ. ಓಣಿಯ ಸೂಲಗಿತ್ತಿ ನಾಡಿ ಹಿಡಿದು, ಬಸಿರಷ್ಟೇ ಅಲ್ಲ, ಗಂಡುಕೂಸು ಎಂದೂ ಹೇಳಿಬಿಟ್ಟಳು. ಆ ಜಾಣತನಕ್ಕೆ ಒಂದು ಸೇರು ಜೋಳವೂ ಸಿಕ್ಕಿತು. ಮಗ ಹೋದ ದಿನದಿಂದ ಕಂಬಕ್ಕೊರಗಿ ಕೂತಿದ್ದ ಅತ್ತೆ ಎದ್ದು ಒಲೆ ಹಚ್ಚಿದರು. ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಯಾರದೋ ಮನೆಯ ಸುದ್ದಿ ಕೇಳಿದ ಹಾಗಿತ್ತು.

ಐದನೆಯ ತಿಂಗಳಿಗೆ ಕುಬಸ ಮಾಡಿದರು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿದರು. ಹೊಟ್ಟೆ ಚಪ್ಪಟೆಯಾಗಿಯೇ ಇತ್ತು. ಚೊಚ್ಚಲು, ಕಾಣುವುದಿಲ್ಲ ಎಂದು ಹೆಂಗಸರು ತಮ್ಮಷ್ಟಕ್ಕೆ ತೀರ್ಮಾನಿಸಿದರು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು, ಬಾಗಿಲು ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲವೂ ಕೂಸಿನ ಕಾಟವೇ ಎಂದರು.

ನನ್ನ ಅಣ್ಣನಿಗೆ ಮಾತ್ರ ಅನುಮಾನ. ಬಂಡಿಯಲ್ಲಿ ಶಹಾಬಾದಿಗೆ ಕರೆದೊಯ್ದ. ಅಲ್ಲಿಯ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ನಿದ್ದೆ ಎಷ್ಟು, ಊಟ ಎಷ್ಟು ಎಂದು ಕೇಳಿ, ಕೊನೆಗೆ ಗಂಡನ ವಿಷಯ ಕೇಳಿದರು. ಹೇಳಿದೆ.

"ಕೂಸಿಲ್ಲವ್ವಾ. ಭಾಳ ಅಂಜಿಕಿ ಹೊಕ್ಕರ ಮೈ ತಾ ಉಳಿದ್ರ ಸಾಕಂತದ. ಉಳಿದ ಕೆಲಸಾ ಎಲ್ಲಾ ನಿಲ್ಲಸ್ತದ," ಎಂದರು.

ಅಂಜಿಕೆ ಮನಸ್ಸಿನಲ್ಲಷ್ಟೇ ಇರುವುದಿಲ್ಲ, ಮಿದುಳಿನಿಂದ ರಕ್ತಕ್ಕೂ ಇಳಿಯುತ್ತದೆ, ಆಗ ಮುಟ್ಟು ನಿಲ್ಲುತ್ತದೆ, ಕೂದಲು ಉದುರುತ್ತದೆ ಎಂದು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ಅಳು ಬರಬೇಕಿತ್ತು, ಬರಲಿಲ್ಲ.

ಮನೆಯಲ್ಲಿ ಹೇಳುವುದು ನನ್ನ ಪಾಲಿಗೇ ಬಂತು. ಅಣ್ಣ ಎತ್ತು ಬಿಚ್ಚುವ ನೆಪದಲ್ಲಿ ಹೊರಗೇ ಉಳಿದ. ಅತ್ತೆ ಹಳೆಯ ಸೀರೆ ಹರಿದು ಕೂಸಿಗೆ ಕೌದಿ ಹೊಲಿಯುತ್ತಿದ್ದರು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಹಂಗಾರ ನನ್ನ ಮಗಂದು ಏನೂ ಉಳೀಲಿಲ್ಲ."

ಆ ಮನೆಯಲ್ಲಿ ಅಲ್ಲಿಯತನಕ ಯಾರೂ ನನ್ನ ಗಂಡ ಸತ್ತರೆಂದು ಬಾಯಿಬಿಟ್ಟಿರಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ಸಿಟ್ಟು ಬಂತು.

"ನಾ ಅದೀನಲ್ರೀ ಅತ್ತಿ," ಎಂದೆ.

ಅವರು ನನ್ನ ಹೊಟ್ಟೆಯನ್ನೇ ನೋಡುತ್ತ ಕೂತಿದ್ದರು.