ಮೊಯ್ರಾ ಬಿಟ್ಟುಹೋದ ಪಿಟೀಲು

ಸಂಗೀತದ ಗಂಧಗಾಳಿಯೂ ನನಗಿಲ್ಲ. ಆದರೂ ದುಬೈಯ ಊದ್ ಮೇಥಾದ ನಮ್ಮ ಮನೆಯ ಕಪಾಟಿನಲ್ಲಿ ಐರ್ಲೆಂಡಿನ ಜನಪದ ಸಂಗೀತದ ಸಿ.ಡಿ.ಯೊಂದಿದೆ. ಬಂದವರು ಅದನ್ನು ನೋಡಿ ನಾನು ಭಾರೀ ರಸಿಕಳೆಂದು ತಿಳಿಯುತ್ತಾರೆ. ನಾನೂ ಅಲ್ಲಗಳೆಯುವುದಿಲ್ಲ.

ದುಬೈ ಬಿಡುವವರು ಮನೆ ಸಾಮಾನನ್ನು ನೆರೆಯವರಿಗೆ ಹಂಚಿ ಹೋಗುವುದು ಇಲ್ಲಿಯ ಪದ್ಧತಿ. ನಮ್ಮ ಸೋಫಾ ಈಜಿಪ್ಟಿನವರದು, ಮಿಕ್ಸಿ ಪಾಲಕ್ಕಾಡಿನವರದು. ಸಿ.ಡಿ. ಮೇಲಿನ ಮನೆಯಲ್ಲಿದ್ದ ಐರಿಷ್ ಟೀಚರ್ ಮೊಯ್ರಾ ಅವರದು. ಇಸ್ತ್ರಿ ಮೇಜಿನ ಆಸೆಗೆ ಹೋದವಳಿಗೆ ಇದನ್ನೂ ಕೊಟ್ಟರು.

ನನ್ನ ಬಾಣಂತನಕ್ಕೆಂದು ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದ ಅಮ್ಮ ಅದನ್ನು ಕೇಳಿದರು. ಅದರಲ್ಲೊಂದು ನಿಧಾನದ ಧಾಟಿ, ಬರೀ ಪಿಟೀಲು. ಅಮ್ಮನಿಗೆ ಮರುಕ ಹುಟ್ಟಿತು. "ಇದಕ್ಕೆ ಮಾತೇ ಇಲ್ಲ ಮಾರಾಯ್ತಿ, ಪಾಪ. ನಾನೇ ಹಾಕ್ತೇನೆ." ಹಾಕಿಯೇಬಿಟ್ಟರು. ಸತ್ವಾಕ್ಕೆ ಬಸ್ಸು ಬಂತು, ಟೈಲರ್ ಅಂಗಿ ಹೊಲಿದ, ಅಜ್ಜಿಯ ಪುಟ್ಟಿ ತೊಟ್ಟುಕೊಂಡಳು. ಇಷ್ಟೇ ಜೋಗುಳ; ಸತ್ವಾ ಎಂದರೆ ಇಲ್ಲಿಯ ಟೈಲರುಗಳ ಪೇಟೆ. ಅಮ್ಮ ಊರಿಗೆ ಮರಳಿದ ಮೇಲೂ ಮಗಳಿಗೆ ಅದೇ ಬೇಕು. ನಾನು ಹಾಡಿದರೆ, ನನ್ನ ಅಪಸ್ವರಕ್ಕೆ ಹೆದರಿಯೋ ಏನೋ, ಬೇಗ ಕಣ್ಣು ಮುಚ್ಚುತ್ತಿದ್ದಳು.

ಪಿಟೀಲಿನ ಕತೆಯೂ ಹೀಗೇ ಅಲ್ಲವೇ? ಪರದೇಶದಲ್ಲಿ ನಿಂತು ನುಡಿಸುತ್ತಿದ್ದ ವಾದ್ಯವನ್ನು ನಮ್ಮವರು ಚಕ್ಕಳಮಕ್ಕಳ ಕೂತು ನುಡಿಸಿ, ಅದಕ್ಕೆ ರಾಗ ಕಲಿಸಿದರು. ಈ ಚರಿತ್ರೆ ಅಮ್ಮನಿಗೆ ಗೊತ್ತಿಲ್ಲ, ಮಾಡಿದ್ದು ಮಾತ್ರ ಅದನ್ನೇ.

ಶಾಲೆಗೆ ಸೇರಿದ್ದೇ ತಡ, ಮಗಳ ಕನ್ನಡ ನಿಂತಿತು. ಶುಕ್ರವಾರದ ಫೋನಿನಲ್ಲಿ ಅಮ್ಮ, "ಪುಟ್ಟಿ, ಊಟ ಆಯ್ತಾ? ಎಂತ ಪದಾರ್ಥ?" ಎಂದರೆ, "ಯೆಸ್ ಅಜ್ಜಿ, ಚಿಕನ್" ಎಂದು ಫೋನನ್ನು ನನ್ನ ಕೈಗೆ ತುರುಕುತ್ತಿದ್ದಳು. "ಅವಳಿಗೆ ನನ್ನೊಟ್ಟಿಗೆ ಮಾತಾಡ್ಲಿಕ್ಕೆ ಎಂತದೂ ಇಲ್ಲ, ಅಲ್ವಾ?" ಎಂದು ಅಮ್ಮ ಒಮ್ಮೆ ಕೇಳಿದರು. ಹೋಮ್‌ವರ್ಕ್ ಉಂಟು ಎಂದು ಮಾತು ಹಾರಿಸಿದೆ.

ಮೊನ್ನೆ ಶುಕ್ರವಾರ ಅಮ್ಮನ ಫೋನನ್ನು ಸ್ಪೀಕರಿನಲ್ಲಿಟ್ಟು ಕಪಾಟು ಒರೆಸುತ್ತಿದ್ದೆ. ಸಿ.ಡಿ. ಕೈಗೆ ಸಿಕ್ಕಿತು, ಹಾಕಿದೆ. ಪಿಟೀಲು ಶುರುವಾದದ್ದೇ, ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ ಮಗಳು ತಲೆ ಎತ್ತದೆ ಹಾಡಿದಳು. ಸತ್ವಾಕ್ಕೆ ಬಸ್ಸು ಬಂತು, ಟೈಲರ್ ಅಂಗಿ ಹೊಲಿದ... ಬಸ್ಸು, ಟೈಲರುಗಳನ್ನು ಬಿಟ್ಟರೆ ಕೊನೆಯವರೆಗೂ ಅಚ್ಚ ಕನ್ನಡ.

ಹಾಡು ಮುಗಿದದ್ದೇ ಫೋನಿನಲ್ಲಿ ಅಮ್ಮ, "ಆ ಅಂಗಿ ಈಗ ಗಿಡ್ಡ ಆಗಿರ್ಬೇಕು ಪುಟ್ಟಿ" ಎಂದರು.

"ಹೂಂ ಅಜ್ಜಿ, ಟೈಟ್ ಉಂಟು. ನೀವು ಬನ್ನಿ, ಹೊಸದು ಹೊಲಿಸುವಾ."

ಮುಂದೆ ದುಬೈ ಬಿಡುವಾಗ ಸೋಫಾ, ಮಿಕ್ಸಿ, ಇಸ್ತ್ರಿ ಮೇಜು ಯಾರಿಗೆ ಬೇಕೋ ಒಯ್ಯಲಿ. ಸಿ.ಡಿ.ಯ ವಿಷಯದಲ್ಲಿ ಮಾತ್ರ ನಾನು ಇಲ್ಲಿಯ ಪದ್ಧತಿ ಮುರಿಯುವವಳೇ.