ಸಿದ್ಧಾರೂಢ ಎತ್ತಿದ ಆಟದ ಪಟ್ಟಿ

ಬೈಲಹೊಂಗಲದ ಬಜಾರ ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿಗೆ ಒತ್ತಿಕೊಂಡೇ ಸಿದ್ಧಾರೂಢನ ವಿಡಿಯೋ ಗೇಮ್ ಅಂಗಡಿ ಇತ್ತು. ತೊಂಬತ್ತರ ದಶಕದಲ್ಲಿ ಎರಡು ಟೀವಿ ಇಟ್ಟು ಶುರು ಮಾಡಿದ್ದ. ತಾಸಿಗೆ ಇಷ್ಟು ಎಂದು ದರ. ಶಾಲೆ ಬಿಟ್ಟ ಹುಡುಗರು ನೇಸರಗಿ ಬಸ್ಸನ್ನೂ ತಪ್ಪಿಸಿಕೊಂಡು ಅಲ್ಲಿ ಸಾಲು ಹಚ್ಚುತ್ತಿದ್ದರು. ಅವರ ಗದ್ದಲಕ್ಕೆ ನನಗೆ ತಲೆ ಚಿಟ್ಟು ಹಿಡಿದು ಎಷ್ಟೋ ಅಂಗಿಗಳ ಕಾಲರು ಸೊಟ್ಟಗಾಗಿವೆ. ಬೈದರೆ ಸಿದ್ಧಾರೂಢ ನಗುತ್ತಿದ್ದ. ಆ ಗದ್ದಲವೆಂದರೆ ಅವನಿಗೆ ಜೀವ.

ಆಮೇಲೆ ಮನೆಮನೆಗೆ ಕಂಪ್ಯೂಟರ್ ಬಂದವು, ಹುಡುಗರು ಬೆಳೆದು ದೊಡ್ಡವರಾದರು. ಎರಡು ಸಾವಿರದ ಏಳರ ಹೊತ್ತಿಗೆ ಅವನು ಅಂಗಡಿಯಲ್ಲಿ ಕೂತು ನೊಣ ಹೊಡೆಯುತ್ತಿದ್ದ. ರಾಮದುರ್ಗದಲ್ಲಿ ಹೆಂಡತಿ ನಾಗರತ್ನಾಳ ಅಣ್ಣ ಸಂಗಪ್ಪನ ಹಾರ್ಡ್‌ವೇರ್ ಅಂಗಡಿ. ಅಲ್ಲಿಗೆ ಬಂದು ಕೂತುಕೋ ಎಂದು ಅವನ ಒತ್ತಾಯ. ಇದೊಂದು ವರ್ಷ ನೋಡೋಣ, ನಡೆಯದಿದ್ದರೆ ಬಾಗಿಲು ಹಾಕಿ ಬರುತ್ತೇನೆ ಎಂದು ಸಿದ್ಧಾರೂಢ ಹೆಂಡತಿಗೆ ಮಾತು ಕೊಟ್ಟ.

ಇದ್ದಬದ್ದದ್ದನ್ನೆಲ್ಲ ಸುರಿದು ಬೆಳಗಾವಿಯಿಂದ ಹೊಸ ಗೇಮ್ ಮಶಿನ್ ತಂದ. ಫೋನಿನ ಲೈನಿನಿಂದ ಇಂಟರ್ನೆಟ್ ಜೋಡಿಸಿದರೆ ಇಲ್ಲಿ ಕೂತವನು ಪರದೇಶದವನ ಜೊತೆ ಆಡಬಹುದಂತೆ. ಆದರೆ ಹಾಗೆ ಆಡಲು ಕಂಪನಿಗೆ ವರ್ಷಕ್ಕೊಮ್ಮೆ ಬೇರೆ ಫೀ ಕಟ್ಟಬೇಕು. ಕೇಳಿ ನನಗೆ ಮೈ ಉರಿಯಿತು.

“ಎಮ್ಮಿ ಕೊಂಡ ಮ್ಯಾಲೆ ಹಾಲು ಹಿಂಡಾಕ ಬ್ಯಾರೆ ಫೀ ಕೊಡತೀಯೇನೋ?” ಎಂದೆ.

“ಅಲ್ಲೆ ಯಾವಾಗ್ಲೂ ಮಂದಿ ಇರತಾರ್ರಿ ಕಾಕಾ. ಎದುರಿಗೆ ಆಡಾಕ ಯಾರರೆ ಒಬ್ಬರು ಸಿಕ್ಕೇ ಸಿಗತಾರ” ಎಂದ.

ಫೀ ಕಟ್ಟಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ನಮ್ಮೂರಲ್ಲಿ ಯಾವುದಕ್ಕೆ ದುಡ್ಡು ಸಾಲದಿದ್ದರೂ ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ, ಪಟ್ಟಿ ಎತ್ತಿದ, ಮಂದಿಯಿಂದ ಚಂದಾ ಕೂಡಿಸಿದ. ಒಂದು ಕಾಲಕ್ಕೆ ಅವನಲ್ಲಿ ಆಡಿ ಬೆಳೆದವರೆಲ್ಲ ಈಗ ಮೀಸೆ ಹೊತ್ತ ಗಂಡಸರು. ಹತ್ತಿ ದಲಾಲಿ ಮಾಡುವ ಸತ್ಯಪ್ಪ ಮುಂದೆ ನಿಂತ, ಉಳಿದವರೂ ಖುಷಿಯಿಂದಲೇ ಕೊಟ್ಟರು.

ಅಲ್ಲೇ ಅವನು ಕೆಟ್ಟ. ಓಣಿಯ ಗಣಪತಿಗೆ ಪಟ್ಟಿ ಕೊಟ್ಟವನು ಪ್ರಸಾದದ ಪಂಕ್ತಿಯಲ್ಲಿ ಎಲೆಗೆ ದುಡ್ಡು ಕೊಡುವುದುಂಟೇ? ಇವರೂ ಕೊಡಲಿಲ್ಲ. ದಿನಾ ಸಂಜೆ ಬಂದು ಕೂತರು, ಕನ್ನಡ ಬಾರದ ಯಾವನಿಗೋ ಕನ್ನಡದಲ್ಲೇ ಬೈದರು, ಕೈ ಕೊಡವಿಕೊಂಡು ಎದ್ದುಹೋದರು. ಮೋಸ ಮಾಡಬೇಕೆಂದಲ್ಲ, ತಾಸಿನ ದರ ಎಂಬುದೊಂದಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ದುಡ್ಡು ಕೊಟ್ಟು ಆಡಲು ಬಂದ ಹೊಸಬರಿಗೆ ಕೂರಲು ಜಾಗವಿರಲಿಲ್ಲ. ಬಾಯಿಬಿಟ್ಟು ಕೇಳು ಎಂದು ನಾನು ಬಡಕೊಂಡೆ. ಪಟ್ಟಿ ತೆಗೆದುಕೊಂಡ ಮೇಲೆ ಯಾವ ಬಾಯಿಂದ ಕೇಳಲಿ ಎಂದ. ಅವನೂ ಇದೇ ಊರವನು, ಇನ್ನೇನು ಹೇಳಿಯಾನು.

ಸುಳ್ಳು ಯಾಕೆ ಹೇಳಲಿ, ಆಟ ಮಾತ್ರ ಸೊಗಸಾಗಿತ್ತು. ನಾನೂ ಹೊಲಿಗೆ ನಿಲ್ಲಿಸಿ ನೋಡಿದ್ದುಂಟು. ಕೊಟ್ಟ ಫೀಗೆ ಮೋಸವಿಲ್ಲ ಎಂದು ಸತ್ಯಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಕರೆಂಟಿನ ಬಿಲ್ಲು, ಫೋನಿನ ಬಿಲ್ಲು, ಅಂಗಡಿಯ ಬಾಡಿಗೆ ಸಿದ್ಧಾರೂಢನ ತಲೆಗೆ ಬಂದವು.

ಒಂದು ಸಂಜೆ ನಾಗರತ್ನಾ ಬುತ್ತಿ ತಂದವಳು ಒಳಗೆ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತಳು. ಅಂಗಡಿ ತುಂಬಿದ್ದು ನೋಡಿ ಅವಳ ಮುಖ ಅರಳಿತು. ಹೇಗೋ ನುಸುಳಿಕೊಂಡು ಹೋಗಿ ಮೇಜಿನ ಡ್ರಾ ಎಳೆದಳು.

“ಅಂಗಡಿ ತುಂಬೇತಿ, ಡ್ರಾ ಖಾಲಿ ಐತೆಲ್ರಿ” ಎಂದಳು.

ಅವನು ಅವಳ ಕೈಯಿಂದ ಬುತ್ತಿ ತೆಗೆದುಕೊಂಡು ಡ್ರಾ ಮುಚ್ಚಿದ.

ವರ್ಷ ತುಂಬುವ ಮೊದಲೇ ಅಂಗಡಿ ಮುಚ್ಚುವುದೆಂದಾಯಿತು. ಸತ್ಯಪ್ಪ ಸಿಟ್ಟಾಗಲಿಲ್ಲ. ವರ್ಷದ್ದು ಕೊಟ್ಟಿದ್ದೇವೆ, ಇನ್ನೂ ನಾಲ್ಕು ತಿಂಗಳು ಉಳಿದಿದೆಯಲ್ಲ ಎಂದು ನ್ಯಾಯದ ಮಾತೇ ಆಡಿದ. ತಿರುಗಿ ಕೊಡಲು ದುಡ್ಡೆಲ್ಲಿತ್ತು? ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಇಟ್ಟುಕೊಂಡು ಆಡಿರಿ ಎಂದು ಸಿದ್ಧಾರೂಢ ಮಶಿನನ್ನೇ ಎತ್ತಿಕೊಟ್ಟ. ನಾನು ಬಾಯಿ ತೆರೆದರೆ ಸುಮ್ಮನಿರಿ ಎಂದು ಕೈಸನ್ನೆ ಮಾಡಿದ.

ರಾಮದುರ್ಗಕ್ಕೆ ಹೋಗಿ ಸಂಗಪ್ಪನ ಅಂಗಡಿಯಲ್ಲಿ ಮೊಳೆ ತೂಗುತ್ತ ಕೂತ ಸಿದ್ಧಾರೂಢ ಒಂದು ಭಾನುವಾರ ಬಂದ. ನನ್ನನ್ನೂ ಕರೆದುಕೊಂಡು ಸತ್ಯಪ್ಪನ ಮನೆಗೆ ಹೋದ. ಒಳಗೆ ಅದೇ ಗದ್ದಲ. ಎಲ್ಲರೂ ಎದ್ದು ಜಾಗ ಕೊಟ್ಟರು, ಚಹಾ ಕೊಟ್ಟರು. ಆಟದ ರಿಮೋಟ್ ಒಬ್ಬರ ಕೈಯಿಂದ ಒಬ್ಬರ ಕೈಗೆ ಬರುತ್ತಿತ್ತು. ಪಕ್ಕದವನ ಪಾಳಿ ಮುಗಿದಾಗ ಸಿದ್ಧಾರೂಢ ಕೈ ಚಾಚಿದ.

“ನಿಮ್ಮ ಪಟ್ಟಿ ಇಲ್ಲಲ್ರೀ ಅಣ್ಣಾ” ಎಂದು ಸತ್ಯಪ್ಪ ನಗುತ್ತಲೇ ರಿಮೋಟನ್ನು ಆಚೆಯವನಿಗೆ ದಾಟಿಸಿದ. ಎಲ್ಲರೂ ನಕ್ಕರು. ಸಿದ್ಧಾರೂಢನೂ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡ.

ಬಸ್‌ಸ್ಟ್ಯಾಂಡಿನವರೆಗೂ ನಾನು ಕುದಿಯುತ್ತಲೇ ಇದ್ದೆ. ಈಗಲೇ ತಿರುಗಿ ಹೋಗಿ ಆ ಮಶಿನ್ ಕಿತ್ತು ತರುತ್ತೇನೆ ಎಂದೆ.

“ಬ್ಯಾಡ ಬಿಡ್ರಿ ಕಾಕಾ” ಎಂದ. “ತಂದು ಯಾರ ಜೋಡಿ ಆಡ್ಲಿ?”

ರಾಮದುರ್ಗದ ಬಸ್ಸು ಬಂತು. ಹತ್ತಿ ಹೋದ.